ಕಾಣಿಕೆ ಚೀಟಿಗೆ ಎರಡನೇ ಸಹಿ

"ಯಾಕಮ್ಮಾ, ನನ್ನ ಮೇಲೆ ನಂಬಿಕೆ ಇಲ್ವಾ?"

ಕಳೆದ ಭಾನುವಾರ ಚರ್ಚಿನಲ್ಲಿ ಆರಾಧನೆ ಮುಗಿದು, ಪಕ್ಕದ ಕೋಣೆಯಾದ ವೆಸ್ಟ್ರಿಯ ಮೇಜಿನ ಮೇಲೆ ಕಾಣಿಕೆ ಚೀಲ ಸುರಿದಿದ್ದರು. ಈ ವರ್ಷವಷ್ಟೇ ಕಮಿಟಿಗೆ ಬಂದ ಹುಡುಗಿ ಕೇಳಿದ್ದು ಒಂದೇ ಮಾತು: "ಅಂಕಲ್, ಎಣಿಸಿದ ಚೀಟಿಗೆ ಇಬ್ಬರು ಸಹಿ ಹಾಕೋಣ್ವಾ?" ಅದಕ್ಕೆ ಖಜಾಂಚಿಯವರ ಉತ್ತರ ಮೇಲಿನದ್ದು. ಸಿಟ್ಟಿನಿಂದ ಹೇಳಲಿಲ್ಲ, ನಗುತ್ತಲೇ ಹೇಳಿದರು. ಆದರೂ ನಾಣ್ಯ ಜೋಡಿಸುತ್ತಿದ್ದವರ ಕೈ ನಿಂತಿತು. ಪಾದ್ರಿ ಅಯ್ಯನವರು ನಿಲುವಂಗಿಯ ಗುಂಡಿ ಬಿಚ್ಚುವುದರಲ್ಲೇ ಮಗ್ನರಾದರು. ಹುಡುಗಿ "ಇಲ್ಲ ಅಂಕಲ್, ಸುಮ್ನೆ ಕೇಳ್ದೆ" ಅಂದುಬಿಟ್ಟಳು.

ಆ ಹಿರಿಯರ ಪ್ರಾಮಾಣಿಕತೆಯ ಬಗ್ಗೆ ಯಾರಿಗೂ ಅನುಮಾನವಿಲ್ಲ. ಬ್ಯಾಂಕಿಗೆ ಹೋದ ಆಟೋ ಬಾಡಿಗೆಯನ್ನೂ ಸಭೆಯ (ಚರ್ಚಿನ) ಲೆಕ್ಕಕ್ಕೆ ಬರೆಯದವರು. (ಅದನ್ನೂ ಬರೆಯಬೇಕು. ನಾಳೆ ಬರುವ ಖಜಾಂಚಿಗೆ ಕೈಯಿಂದ ಹಾಕುವಷ್ಟು ಅನುಕೂಲ ಇರುತ್ತದೆಂದು ಏನು ಗ್ಯಾರಂಟಿ?) ಅವರು ಅಷ್ಟು ಒಳ್ಳೆಯವರಾದ್ದರಿಂದಲೇ ಆ ಮಾತಿಗೆ ಯಾರ ಬಾಯಲ್ಲೂ ಉತ್ತರ ಬರಲಿಲ್ಲ.

ಅಷ್ಟರಲ್ಲಿ ಇನ್ನೊಬ್ಬರು ಬೈಬಲಿನ ವಾಕ್ಯ ತೆಗೆದರು. ಎರಡನೆಯ ಅರಸುಗಳು 12ನೇ ಅಧ್ಯಾಯ, 15ನೇ ವಚನ. ಯೆರೂಸಲೇಮಿನ ಆಲಯವನ್ನು ದುರಸ್ತಿ ಮಾಡುವ ಕೆಲಸಗಾರರಿಗೆ ಹಂಚಲು ಹಣ ಪಡೆದವರು ನಂಬಿಗಸ್ತರಾಗಿದ್ದರಿಂದ ಅವರಿಂದ ಲೆಕ್ಕ ಕೇಳಲಿಲ್ಲವಂತೆ. ವಚನ ಬಾಯಿಪಾಠ ಇರುವವರ ಜೊತೆ ಇದೇ ಕಷ್ಟ, ನಾಲ್ಕು ಸಾಲು ಹಿಂದಕ್ಕೆ ಹೋಗುವ ತಾಳ್ಮೆ ಇರುವುದಿಲ್ಲ. ಅದೇ ಅಧ್ಯಾಯದ 10ನೇ ವಚನದಲ್ಲಿ, ಕಾಣಿಕೆ ಪೆಟ್ಟಿಗೆ ತುಂಬಿದಾಗಲೆಲ್ಲ ಅರಸನ ಲೇಖಕನೂ ಮಹಾಯಾಜಕನೂ ಕೂಡಿ ಬಂದು ಎಣಿಸಿ ಚೀಲ ಕಟ್ಟುತ್ತಾರೆ. ಒಬ್ಬ ಅರಮನೆಯವನು, ಒಬ್ಬ ಆಲಯದವನು. ಆ ಪೆಟ್ಟಿಗೆಯಾದರೂ ಯಾಕೆ ಬಂತು? ಅಲ್ಲಿಯವರೆಗೆ ಹಣ ನೇರವಾಗಿ ಯಾಜಕರ ಕೈಗೆ ಹೋಗುತ್ತಿತ್ತು, ಅರಸ ಯೆಹೋವಾಷನ ಆಳ್ವಿಕೆಯ 23ನೇ ವರ್ಷ ಬಂದರೂ ಆಲಯದ ಬಿರುಕುಗಳು ಹಾಗೇ ಇದ್ದವು. ಯಾಜಕರು ಕದ್ದರೆಂದು ಅಲ್ಲಿ ಬರೆದಿಲ್ಲ. ಮಹಾಯಾಜಕ ಯೆಹೋಯಾದನೂ ಯಾರನ್ನೂ ಕಳ್ಳ ಅನ್ನಲಿಲ್ಲ. ಪೆಟ್ಟಿಗೆಯ ಮುಚ್ಚಳಕ್ಕೊಂದು ತೂತು ಕೊರೆದು ವೇದಿಯ ಬಲಗಡೆ ಇಟ್ಟ, ಅಷ್ಟೆ. ಲೆಕ್ಕ ಕೇಳದೆ ಬಿಟ್ಟದ್ದು ಇಬ್ಬರು ಎಣಿಸಿ ಆದಮೇಲಿನ ಮಾತು.

ಆದರೆ ವಾರವಿಡೀ ತಲೆಯಲ್ಲಿ ಸುತ್ತುತ್ತಿರುವುದು ಬೈಬಲಿನ ಇನ್ನೊಬ್ಬ ಯಾಜಕ, ಎಜ್ರ. ಬಾಬಿಲೋನಿನಿಂದ ಯೆರೂಸಲೇಮಿಗೆ ಹೊರಟವನು ಅಹವಾ ಹೊಳೆಯ ಹತ್ತಿರ ಜನರನ್ನು ಸೇರಿಸಿ ಉಪವಾಸ ಮಾಡಿಸುತ್ತಾನೆ. ದಾರಿಯಲ್ಲಿ ಶತ್ರುಗಳ ಭಯ. ಆದರೂ ಅರಸನ ಹತ್ತಿರ ಕಾವಲಿಗೆ ಸೈನ್ಯ ಕೇಳಲು ನಾಚಿಕೆಯಾಯಿತು ಅನ್ನುತ್ತಾನೆ, ಏಕೆಂದರೆ ದೇವರ ಹಸ್ತ ನಮ್ಮ ಮೇಲಿದೆ ಎಂದು ಮೊದಲೇ ಹೇಳಿಬಿಟ್ಟಿದ್ದ. ಸೈನ್ಯವೇ ಬೇಡವೆಂದ ಅದೇ ಮನುಷ್ಯ, ಅವನ ಹೆಸರಿನ ಪುಸ್ತಕದ ಅದೇ ಎಂಟನೇ ಅಧ್ಯಾಯದಲ್ಲಿ, 12 ಮಂದಿ ಪ್ರಧಾನ ಯಾಜಕರನ್ನು ಆರಿಸಿ ಅವರ ಕೈಗೆ ಆಲಯದ ಕಾಣಿಕೆಯೆಲ್ಲವನ್ನೂ ತೂಗಿ ಒಪ್ಪಿಸುತ್ತಾನೆ: 650 ತಲಾಂತು (ಆ ಕಾಲದ ದೊಡ್ಡ ತೂಕದ ಅಳತೆ) ಬೆಳ್ಳಿ, 100 ತಲಾಂತು ತೂಕದ ಬೆಳ್ಳಿ ಸಾಮಾನು, 100 ತಲಾಂತು ಬಂಗಾರ, 20 ಬಂಗಾರದ ಬಟ್ಟಲು. ಅಲ್ಲಿ ಹೋಗಿ ತೂಗಿಕೊಡುವ ತನಕ ಜಾಗ್ರತೆ ಎಂದು ಹೇಳಿ ಕಳಿಸುತ್ತಾನೆ. ಮುಟ್ಟಿದವರು ಮೂರು ದಿನ ಸುಧಾರಿಸಿಕೊಂಡು ನಾಲ್ಕನೇ ದಿನ ಆಲಯದಲ್ಲಿ ಮತ್ತೆ ತೂಗಿ ಕೊಟ್ಟರು. ತೆಗೆದುಕೊಳ್ಳುವ ಕಡೆಯೂ ನಾಲ್ವರು ನಿಂತಿದ್ದರು. ಎಣಿಕೆ, ತೂಕ ಎಲ್ಲವನ್ನೂ ಆಗಲೇ ಬರೆದಿಟ್ಟರು.

ಚಕ್ರವರ್ತಿಯ ಪತ್ರ ಕೈಯಲ್ಲಿದ್ದವನು ಅವನು. ಸುಮ್ಮನೆ ಹೊತ್ತುಕೊಂಡು ಹೋಗಿದ್ದರೆ ಯಾರೂ ಕೇಳುತ್ತಿರಲಿಲ್ಲ. ಹೊರಡುವಾಗ ಒಂದು ತೂಕ, ಮುಟ್ಟಿದಾಗ ಒಂದು ತೂಕ ಇದ್ದರೆ, ನಡುವೆ ನಾಲಿಗೆಗೆ ಬಂದದ್ದನ್ನು ಆಡುವವರ ಬಾಯಿ ತಾನಾಗಿ ಮುಚ್ಚುತ್ತದೆ. ಹೊತ್ತವರಿಗೇ ಅದರಿಂದ ಹೆಚ್ಚು ನೆಮ್ಮದಿ.

ನಮ್ಮ ಸಭೆಗಳಿಗೆ ತಲಾಂತಿನ ಗೊಡವೆ ಇಲ್ಲ, ಕೆಲಸ ಅರ್ಧ ಗಂಟೆಯದು. ಎಣಿಸುವವರು ಇಬ್ಬರು, ಒಂದೇ ಮನೆಯವರಲ್ಲ. ಬ್ಯಾಂಕಿಗೆ ಕಟ್ಟುವ ಖಜಾಂಚಿ ಆ ಇಬ್ಬರಲ್ಲಿ ಸೇರಬಾರದು. ವಾರವಾರ ಜೋಡಿ ಬದಲಾಗಬೇಕು. ಮೊದಲು ಕಾಣಿಕೆ ಕವರ್‌ಗಳನ್ನು ಬೇರೆ ಮಾಡಿ ಒಂದೊಂದಾಗಿ ಒಡೆಯಬೇಕು. ಮೇಲೆ 500 ಎಂದು ಬರೆದು ಒಳಗೆ 400 ಇದ್ದರೆ ಇದ್ದದ್ದನ್ನೇ ಆ ಕವರ್ ಮೇಲೆ ಬರೆದು ಇಬ್ಬರೂ ಗುರುತು ಹಾಕಬೇಕು, ಕವರ್ ಎಸೆಯಬಾರದು. ಆಮೇಲೆ ಬಿಡಿ ನೋಟು, ಮುಖಬೆಲೆವಾರು. ಚೀಟಿಯಲ್ಲಿ 500ರದ್ದು ಎಷ್ಟು, 200ರದ್ದು ಎಷ್ಟು, 10ರದ್ದು ಎಷ್ಟು, ಚಿಲ್ಲರೆ ಎಷ್ಟು ಎಂದು ಪೆನ್ನಿನಲ್ಲೇ ಬರೆಯಬೇಕು. ತಪ್ಪಿದರೆ ಒಂದು ಗೀಟು ಎಳೆದು ಪಕ್ಕದಲ್ಲಿ ಸಹಿ. ವೈಟ್ನರ್ ಹತ್ತಿರಕ್ಕೂ ತರಬಾರದು. ಮೊತ್ತ ಅಂದೇ ರಿಜಿಸ್ಟರಿಗೆ ಏರಬೇಕು, ಅಂಕಿಯಲ್ಲೂ ಅಕ್ಷರದಲ್ಲೂ. ಚೀಟಿಯ ಒಂದು ಪ್ರತಿ ಖಜಾಂಚಿಗೆ, ಇನ್ನೊಂದು ಕಾರ್ಯದರ್ಶಿಗೆ.

ಇದೆಲ್ಲ ಸರಿಯಿದ್ದೂ ಕೆಡುವ ಜಾಗ ಒಂದಿದೆ. ಎಲೆಕ್ಟ್ರಿಷಿಯನ್ ಬಾಗಿಲಲ್ಲಿ ನಿಂತಿರುತ್ತಾನೆ, "ಇದ್ರಲ್ಲೇ ಎಂಟ್ನೂರು ಕೊಟ್ಬಿಡಿ" ಅನ್ನುತ್ತಾರೆ ಯಾರೋ. ಚೀಟಿಯಲ್ಲಿ 11,340, ಬ್ಯಾಂಕಿನಲ್ಲಿ 10,540. ಆರು ತಿಂಗಳಾದ ಮೇಲೆ ಆಡಿಟರ್ ಕೇಳಿದಾಗ ಆ 800 ಯಾರಿಗೂ ನೆನಪಿರುವುದಿಲ್ಲ. ಯಾರೂ ಕದಿಯದೆ ಒಬ್ಬ ಒಳ್ಳೆಯ ಮನುಷ್ಯನ ಹೆಸರು ಕೆಡುವುದು ಹೀಗೆ. ಎಣಿಸಿದ್ದು ಇಡಿಯಾಗಿ ಬ್ಯಾಂಕಿಗೆ ಹೋಗಬೇಕು. ಖರ್ಚಿಗೆ ಬೇರೆ ಚಿಲ್ಲರೆ ನಗದು, ಬೇರೆ ವೋಚರ್.

ಆರಂಭದ ಕ್ರೈಸ್ತ ಪ್ರಚಾರಕ ಪೌಲನಿಗೆ ಇದು ಗೊತ್ತಿತ್ತು. ಯೆರೂಸಲೇಮಿನ ಬಡವರಿಗಾಗಿ ಹಣ ಕೂಡಿಸುವಾಗ, ನೀವು ಯಾರನ್ನು ಒಪ್ಪುತ್ತೀರೋ ಅವರ ಕೈಯಲ್ಲಿ ಕಳಿಸುತ್ತೇನೆ ಎಂದು ಕೊರಿಂಥದವರಿಗೆ ಮೊದಲ ಪತ್ರದಲ್ಲೇ ಬರೆದ. ಎರಡನೆಯದರಲ್ಲಿ ತನ್ನ ಸಹಕಾರಿ ತೀತನ ಜೊತೆ ಇನ್ನಿಬ್ಬರು ಸಹೋದರರನ್ನು ಕಳಿಸುತ್ತಾನೆ, ಒಬ್ಬನನ್ನು ಸಭೆಗಳೇ ಆರಿಸಿದ್ದವು. ಕಾರಣವನ್ನೂ ಮುಚ್ಚಿಡುವುದಿಲ್ಲ: ಈ ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದು, ಕರ್ತನ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ಸರಿಯಾಗಿರಬೇಕು. ಆ ಸಭೆಯನ್ನು ಕಟ್ಟಿದವನೇ ಅವನು. "ನನ್ನ ಮೇಲೆ ನಂಬಿಕೆ ಇಲ್ವಾ?" ಎಂದು ಕೇಳುವ ಹಕ್ಕು ಯಾರಿಗಾದರೂ ಇದ್ದಿದ್ದರೆ ಅವನಿಗೆ ಇತ್ತು. ಕೇಳಲಿಲ್ಲ. ಯೇಸುವಿನ ಶಿಷ್ಯರಾದ ಅಪೊಸ್ತಲರೂ ಹಾಗೇ. ವಿಧವೆಯರ ದಿನದ ಹಂಚಿಕೆಯ ಬಗ್ಗೆ ಗ್ರೀಕ್ ಮಾತಾಡುವವರು ಗೊಣಗಿದಾಗ, ಏಳು ಮಂದಿಯನ್ನು ನೀವೇ ಆರಿಸಿ ಅಂದರು. ಆರಿಸಿದ ಏಳೂ ಗ್ರೀಕ್ ಹೆಸರುಗಳೇ.

ನಿಜ ಹೇಳಬೇಕೆಂದರೆ ನನ್ನ ಅಸಮಾಧಾನ ಖಜಾಂಚಿಗಿಂತ ಅಯ್ಯನವರ ಮೇಲೆ. ಖಜಾಂಚಿಗೆ ನೋವಾಯಿತು, ನೋವಾದವರು ಹಾಗೆ ಕೇಳುವುದು ಸಹಜ. "ನಾನೇ ಹೇಳ್ಬೇಕಂತಿದ್ದೆ, ಕೊಡಮ್ಮ ಪೆನ್ನು" ಎಂದು ಅಯ್ಯನವರು ಅಂದಿದ್ದರೆ ಹಿರಿಯರ ಮರ್ಯಾದೆಯೂ ಉಳಿಯುತ್ತಿತ್ತು, ಆ ಹುಡುಗಿ "ಸುಮ್ನೆ ಕೇಳ್ದೆ" ಎಂದು ಹಿಂದೆ ಸರಿಯುತ್ತಿರಲಿಲ್ಲ. ಸರಿಯಾದ್ದನ್ನು ಕೇಳಿ ಸಾರಿ ಎನ್ನುವ ಹಾಗೆ ಮುಖ ಮಾಡಿಕೊಂಡವರು ಮುಂದಿನ ಚುನಾವಣೆಗೆ ಹೆಸರು ಕೊಡುವುದಿಲ್ಲ. ಆಮೇಲೆ ಅದೇ ಪುಲ್ಪಿಟ್‌ನಿಂದ, ಯುವಕರು ಸಭೆಯಲ್ಲಿ ಮುಂದೆ ಬರುತ್ತಿಲ್ಲ ಎಂಬ ಪ್ರಸಂಗ.

ಇನ್ನೊಂದು ವಿಷಯ ಹಾಗೇ ಉಳಿದಿದೆ. ಬಾಗಿಲ ಪಕ್ಕ ಅಂಟಿಸಿರುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಬರುವುದು ಸಭೆಯ ಹೆಸರಲ್ಲ, ಖಜಾಂಚಿಯವರ ಹೆಸರು. ಲಾಕ್‌ಡೌನ್ ಕಾಲದಲ್ಲಿ ತುರ್ತಿಗೆ ಮಾಡಿಕೊಂಡದ್ದು, ಇನ್ನೂ ಬದಲಾಗಿಲ್ಲ. ಬಂದದ್ದನ್ನೆಲ್ಲ ಅವರು ತಿಂಗಳಿಗೊಮ್ಮೆ ಸಭೆಯ ಖಾತೆಗೆ ಹಾಕುತ್ತಾರೆ, ಅದೂ ಸರಿಯೇ. ಆದರೆ ಸುಗ್ಗಿ ಹಬ್ಬದ ಹರಾಜು ಹತ್ತಿರ ಬಂತು, ಬಾಳೆಗೊನೆ ಕೂಗಿದವರೂ ಈಗ ಫೋನಲ್ಲೇ ಕಳಿಸುವವರು. ಕಮಿಟಿಯ ಒಂದು ಠರಾವು, ಸಭೆಯ ಖಾತೆಗೆ ಜೋಡಿಸಿದ ಹೊಸ ಕೋಡ್, ಎರಡು ದಿನದ ಓಡಾಟ. ಮುಂದಿನ ಕಮಿಟಿಯಲ್ಲಿ ಇದನ್ನು ಖಜಾಂಚಿಯವರೇ ಎತ್ತಬೇಕು, ಆ ಹುಡುಗಿ ಇನ್ನೊಮ್ಮೆ ಬಾಯಿ ತೆರೆಯುವುದಕ್ಕೆ ಮುಂಚೆ.