ಹ್ಯಾಂಬರ್ಗಿನಲ್ಲಿ ವಿಷ, ಮಾಲ್ಮೋದಲ್ಲಿ ಮದುವೆ

ಮೈಸೂರಿನ ಅಂಗಡಿಯವನು ಎರಡು ಡಬ್ಬಿ ಮೈಸೂರು ಪಾಕನ್ನು ಬಂಗಾರದ ಬಣ್ಣದ ಕಾಗದದಲ್ಲಿ ಸುತ್ತಿ, ಮೇಲೊಂದು ಕೆಂಪು ಚೀಟಿ ಅಂಟಿಸಿಕೊಟ್ಟಿದ್ದ. ಚೀಟಿಯ ಮೇಲೆ ನಾಲ್ಕೇ ಇಂಗ್ಲಿಷ್ ಅಕ್ಷರ: ಜಿ, ಐ, ಎಫ್, ಟಿ. ಹ್ಯಾಂಬರ್ಗಿನ ತಂಗಿಯ ಮನೆಯಲ್ಲಿ ಸೂಟ್‌ಕೇಸ್ ಬಿಚ್ಚಿದಾಗ ಮೊದಲು ಡಬ್ಬಿಗೆ ಕೈ ಹಾಕಿದವಳು ಅವಳ ಏಳು ವರ್ಷದ ಮಗಳು. ಅಲ್ಲಿನ ಶಾಲೆಯಲ್ಲಿ ಆಗಷ್ಟೇ ಓದಲು ಕಲಿತವಳು, ಅಕ್ಷರಗಳ ಮೇಲೆ ಬೆರಳಾಡಿಸಿ ಓದಿ, ಡಬ್ಬಿಯನ್ನು ಸರಕ್ಕನೆ ನೆಲಕ್ಕಿಟ್ಟಳು.

“ಅಮ್ಮಾ, ಮಾವ ವಿಷ ತಂದಿದ್ದಾರೆ!”

“ಓದಿದ್ದೇನೋ ಸರಿಯಾಗಿಯೇ ಇದೆ ಅಣ್ಣ” ಎಂದು ತಂಗಿ ನಕ್ಕಳು. ಜರ್ಮನ್ನಿನಲ್ಲಿ ಗಿಫ್ಟ್ ಎಂದರೆ ವಿಷ. ಹುಡುಗಿ ಸಾಕ್ಷಿಗೆ ತನ್ನ ಚಿತ್ರಪುಸ್ತಕವನ್ನೇ ತಂದು, ಬಿಳಿ ಚುಕ್ಕೆಗಳ ಕೆಂಪು ಅಣಬೆಯನ್ನು ತೋರಿಸಿದಳು. ಗಿಫ್ಟ್‌ಪಿಲ್ಟ್ಸ್, ವಿಷದ ಅಣಬೆ. ಅವಳು ಮೈಸೂರು ಪಾಕು ಮುಟ್ಟಬೇಕಾದರೆ ಮೊದಲು ನಾನು ಒಂದು ತುಂಡು ತಿಂದು, ಐದು ನಿಮಿಷ ಬದುಕಿ ತೋರಿಸಬೇಕಾಯಿತು.

ರಾತ್ರಿ ನಿಘಂಟು ಹಿಡಿದು ಕುಳಿತೆ. ಎರಡೂ ಒಂದೇ ಬೇರಿನವು, ಬೇರು ‘ಕೊಡು’. ಕೊಟ್ಟದ್ದು ಇಂಗ್ಲಿಷಿನಲ್ಲಿ ಉಡುಗೊರೆಯಾಗಿ ಉಳಿಯಿತು. ಜರ್ಮನ್ನಿನಲ್ಲಿ ಅದೇ ‘ಕೊಟ್ಟದ್ದು’ ವೈದ್ಯ ಕೊಟ್ಟ ಮದ್ದಾಯಿತು, ಆಮೇಲೆ ಕೊಲ್ಲುವ ಮದ್ದಾಯಿತು. ನಾವು ದಿನಾ ಹೇಳುವ ‘ಡೋಸ್’ ಕೂಡ ಹೀಗೆಯೇ, ಗ್ರೀಕಿನ ‘ಕೊಡುವಿಕೆ’ಯಿಂದ ಬಂದದ್ದು. ನನಗೆ ಇದು ವಿಚಿತ್ರವೆನಿಸಲಿಲ್ಲ. ಕೆಮ್ಮಿಗೆ ಮದ್ದು ಕುಡಿಸುವ ಅಜ್ಜಿಯೇ, ಯಾರಾದರೂ ಸೊರಗಿದರೆ “ಊಟದಲ್ಲಿ ಮದ್ದು ಹಾಕಿದ್ದಾರೆ” ಎಂದು ಪಿಸುಗುಡುತ್ತಿದ್ದಳಲ್ಲ! ಹಳೆಯ ಒಳ್ಳೆಯ ಅರ್ಥ ಜರ್ಮನ್ನಿನಲ್ಲಿ ‘ಮಿಟ್‌ಗಿಫ್ಟ್’ ಎಂಬ ಪದದಲ್ಲಿ ಇನ್ನೂ ಉಳಿದುಕೊಂಡಿದೆ: ಹೆಣ್ಣಿನ ಜೊತೆಗೆ ಕೊಟ್ಟು ಕಳುಹಿಸಿದ್ದು, ಅಂದರೆ ಬಳುವಳಿ.

ಎರಡನೆಯ ಡಬ್ಬಿ ಸ್ವೀಡನ್ನಿನ ಮಾಲ್ಮೋದಲ್ಲಿರುವ ಕಾಲೇಜಿನ ಗೆಳೆಯನಿಗೆ. ಕೋಪನ್‌ಹೇಗನ್ ರೈಲಿನಲ್ಲಿ ಕುಳಿತು, ಪಕ್ಕದವರಿಗೆ ಕಾಣದಂತೆ ಚೀಟಿಯನ್ನು ಉಗುರಿನಿಂದ ಕೆರೆದೆ. ಅಂಟು ಮಾತ್ರ ಉಳಿಯಿತು. ಡೆನ್ಮಾರ್ಕ್ ಎಂದರೆ ನನಗೆ ನೆನಪಿರುವುದು ಮಳೆ ಮತ್ತು ಬೆಣ್ಣೆ ಸುರಿಸಿದ ಬ್ರೆಡ್ಡು, ಅಷ್ಟೇ. ಕೋಪನ್‌ಹೇಗನ್ ದಾಟಿದ ಮೇಲೆ ದಾರಿ ಚೆಂದ. ರೈಲು ಮೊದಲು ಸುಮಾರು 4 ಕಿಲೋಮೀಟರ್ ಸಮುದ್ರದಡಿಯ ಸುರಂಗಕ್ಕಿಳಿಯುತ್ತದೆ, ಮನುಷ್ಯರು ಕಟ್ಟಿದ ಒಂದು ದ್ವೀಪದ ಮೇಲೆ ಏಳುತ್ತದೆ, ಅಲ್ಲಿಂದ ಸುಮಾರು 8 ಕಿಲೋಮೀಟರ್ ಉದ್ದದ ಓರೆಸುಂಡ್ ಸೇತುವೆ. 2000ದಲ್ಲಿ ತೆರೆದ ಈ ಸೇತುವೆಯಲ್ಲಿ ಕಾರುಗಳು ನಮ್ಮ ತಲೆಯ ಮೇಲಿನ ಅಂತಸ್ತಿನಲ್ಲಿ ಓಡುತ್ತವೆ. ನಮಗೆ ಕಬ್ಬಿಣದ ತೊಲೆಗಳ ಸಂದಿನಲ್ಲಿ ಬೂದು ಬಣ್ಣದ ನೀರು.

ಮಾಲ್ಮೋದಲ್ಲಿ ‘ಗ್ಲಾಸ್’ ಎಂಬ ಫಲಕದ ಮುಂದೆ ಮಕ್ಕಳು ಸಾಲುಗಟ್ಟಿದ್ದರು. ಗಾಜಿನಂಗಡಿಯಲ್ಲ, ಐಸ್‌ಕ್ರೀಮ್.

ಗೆಳೆಯನ ಅಡುಗೆಮನೆಯ ಮೇಜಿನ ಮೇಲೆ ಯಾವುದೋ ಸರ್ಕಾರಿ ಅರ್ಜಿ ಬಿದ್ದಿತ್ತು. ಅದರಲ್ಲಿ ಎರಡು ಚೌಕ. ಒಂದರ ಪಕ್ಕದಲ್ಲಿ ಅದೇ ನಾಲ್ಕು ಅಕ್ಷರ. ಅವನು ಅಲ್ಲಿಗೆ ಗುರುತು ಹಾಕಿದ್ದ. “ಏನೋ ಇದು, ವಿಷವೋ ಉಡುಗೊರೆಯೋ?” ಎಂದೆ.

“ವಿವಾಹಿತ” ಎಂದ. “ಇಲ್ಲಿ ಇಲಿಪಾಷಾಣದ ಡಬ್ಬಿಯ ಮೇಲೂ ಇದೇ ಪದ ಇರುತ್ತದೆ. ಇವರು ‘ಯಿಫ್ಟ್’ ಎನ್ನುತ್ತಾರೆ.”

ಇಲ್ಲಿ ನನಗೆ ನಗು ಬಂತು. ಹಳೆಯ ಇಂಗ್ಲಿಷರೂ ಅದನ್ನು ‘ಯ’ಕಾರದಿಂದಲೇ ಉಚ್ಚರಿಸುತ್ತಿದ್ದರು, ಅವರಿಗೆ ಅದು ಹೆಣ್ಣಿಗೆ ತೆರುವ ತೆರ. ‘ಗ’ಕಾರವನ್ನು ಅವರಿಗೆ ಕಲಿಸಿದವರು ಈ ಉತ್ತರದ ಕಡಲಿಗರೇ. ಕಲಿಸಿದ ಮೇಲೆ ಸ್ವೀಡನ್ನಿನವರು ತಮ್ಮ ‘ಗ’ವನ್ನು ತಾವೇ ಕರಗಿಸಿಕೊಂಡರು. ಮದುವೆಯ ಅರ್ಥಕ್ಕಂತೂ ನಿಘಂಟು ಬೇಕಿರಲಿಲ್ಲ. “ಮಗಳನ್ನು ಎಲ್ಲಿಗೆ ಕೊಟ್ಟಿರಿ?” ಎಂದು ನಮ್ಮ ಕಡೆ ಇಂದಿಗೂ ಕೇಳುತ್ತಾರೆ.

ಗೆಳೆಯನ ಸ್ವೀಡಿಷ್ ಹೆಂಡತಿ ಡಬ್ಬಿಯನ್ನು ತಿರುಗಿಸಿ, ಅಂಟಿನ ಕಲೆಯ ಮೇಲೆ ಬೆರಳಿಟ್ಟು, ಇಲ್ಲಿ ಏನಿತ್ತು ಎಂದು ಕೇಳಿದಳು. ಹೇಳಿದೆ. ಆಕೆ ಗಂಡನ ಕಡೆ ಒಮ್ಮೆ ನೋಡಿ, ಮೂರು ಅರ್ಥವೂ ಇವರಿಗೆ ಹೊಂದುತ್ತದೆ ಎಂದು, ದೊಡ್ಡ ತುಂಡೊಂದನ್ನು ತನ್ನ ಬಾಯಿಗೆ ಹಾಕಿಕೊಂಡಳು.