ಫಿನ್ ಕೊಳ್ಳುವ ಮೊದಲು ಬ್ಯಾರಲ್‌ನಲ್ಲಿ ತೂಗಿ ನೋಡ್ರಿ

ಹುಬ್ಬಳ್ಳಿಯಿಂದ ಯಲ್ಲಾಪುರ, ಅಂಕೋಲಾ ದಾಟಿ ಮುರುಡೇಶ್ವರಕ್ಕೆ ಹೋಗಿ, ನೇತ್ರಾಣಿ ದ್ವೀಪದಲ್ಲಿ ಎರಡು ಸ್ಕೂಬಾ ಡೈವ್ ಮಾಡಿ ಬರುವವರಿಗೆ ಬಾಡಿಗೆ ಫಿನ್ (ಕಾಲಿಗೆ ಹಾಕುವ ಈಜುರೆಕ್ಕೆ) ಸಾಕು. ಟೆಕ್ನಿಕಲ್ ಡೈವಿಂಗ್ (ನೇರವಾಗಿ ಮೇಲೆ ಬರಲಾಗದಂಥ ಡೈವ್) ಕೋರ್ಸಿಗೆ ಹೆಸರು ಹಚ್ಚಿದ ಮೇಲೆ ಮಾತು ಬೇರೆ. ಅಲ್ಲಿ ಮುಂದಕ್ಕೆ ಹೋಗುವುದು ದೊಡ್ಡ ಕೆಲಸವಲ್ಲ. ನಿಂತಲ್ಲಿ ನಿಲ್ಲಬೇಕು, ಹಿಂದಕ್ಕೆ ಸರಿಯಬೇಕು, ತಳದ ಕೆಸರು ಏಳದಂತೆ ತಿರುಗಬೇಕು. ಆರು ಮೀಟರಿನ ಡೆಕೊ ಸ್ಟಾಪಿನಲ್ಲಿ (ಮೈಯಲ್ಲಿ ಕರಗಿದ ಅನಿಲ ಹೊರಹೋಗಲೆಂದು ಮೇಲೇರುವಾಗ ನಿಲ್ಲುವುದು) ಇಪ್ಪತ್ತು ನಿಮಿಷ ಹಗ್ಗದ ಪಕ್ಕದಲ್ಲಿ ಅಲುಗದೆ ಇರಬೇಕಾದವನಿಗೆ ವೇಗದ ಫಿನ್ ಯಾತಕ್ಕೆ?

ಹಾಗಾಗಿ ಎರಡು ಜಾತಿಯನ್ನು ಮೊದಲೇ ಬದಿಗಿಡಬಹುದು. ಬ್ಲೇಡ್ (ಫಿನ್‌ನ ಚಪ್ಪಟೆ ಭಾಗ) ನಡುವೆ ಸೀಳಿರುವ ಸ್ಪ್ಲಿಟ್ ಫಿನ್ ಮೇಲೆ-ಕೆಳಗೆ ಬಡಿಯುವ ಒದೆತಕ್ಕೆಂದೇ ಮಾಡಿದ್ದು. ಹಿಂದಕ್ಕೆ ಸರಿಯುವ ಬ್ಯಾಕ್ ಕಿಕ್‌ನಲ್ಲಿ ಪಾದವನ್ನು ಮೊಣಕಾಲಿನ ಕಡೆ ಮಡಿಚಿ, ಬ್ಲೇಡಿನ ಅಂಚಿನಿಂದ ನೀರು ಹಿಡಿದು ಹೊರಗೆ-ಮುಂದಕ್ಕೆ ಎಳೆಯಬೇಕು. ಸೀಳಿದ ಬ್ಲೇಡಿನಲ್ಲಿ ಆ ನೀರು ನಿಲ್ಲದೆ ಜಾರಿಹೋಗುತ್ತದೆ. ಉಸಿರು ಹಿಡಿದು ಮುಳುಗುವ ಫ್ರೀಡೈವಿಂಗಿನ ಉದ್ದ ಫಿನ್ ಕೂಡ ಬೇಡ. ಮುಳುಗಿದ ಹಡಗಿನ ಒಳಗೆ ತಿರುಗುವಾಗ ಅದರ ತುದಿ ಎಲ್ಲಿಗೆ ತಾಗುತ್ತಿದೆ ಎಂಬುದೇ ಗೊತ್ತಾಗುವುದಿಲ್ಲ. ಉಳಿಯುವುದು ಗಿಡ್ಡ, ಅಗಲ, ಬಿರುಸಾದ, ಹಿಮ್ಮಡಿ ತೆರೆದಿರುವ ಫಿನ್. ಫ್ರಾನ್ಸಿನ ಬೂಷಾ ಕಂಪನಿ 1964ರಲ್ಲಿ ತಂದ, ಬ್ಲೇಡಿನಲ್ಲಿ ಕಿಂಡಿಗಳಿರುವ ಜೆಟ್‌ಫಿನ್ ಇವುಗಳ ಮೂಲ ಮಾದರಿ. ಸ್ಕೂಬಾಪ್ರೊ ಜೆಟ್ ಫಿನ್, ಹಾಲಿಸ್ ಎಫ್1, ಡೈವ್ ರೈಟ್ ಎಕ್ಸ್‌ಟಿ, ಎಪೆಕ್ಸ್ ಆರ್‌ಕೆ3, ಓಎಂಎಸ್ ಸ್ಲಿಪ್‌ಸ್ಟ್ರೀಮ್ ಎಲ್ಲವೂ ಹೆಚ್ಚುಕಡಿಮೆ ಅದೇ ಆಕಾರದವು.

ಆಕಾರ ಒಂದೇ ಆದರೂ ತೂಕ ಒಂದೇ ಅಲ್ಲ. ಹೆಚ್ಚಿನವರು ಎಡವುವುದು ಇಲ್ಲೇ.

ಬಂಡಿಗೆ ಹೇರು ಹೇರುವವರಿಗೆ ಹಿಂಭಾರ, ಮುಂಭಾರ ಅಂದರೆ ಏನೆಂದು ಹೇಳಿಕೊಡಬೇಕಿಲ್ಲ. ಹಿಂದೆ ಹೆಚ್ಚಾದರೆ ನೊಗ ಮೇಲೇಳುತ್ತದೆ, ಮುಂದೆ ಹೆಚ್ಚಾದರೆ ಎತ್ತಿನ ಹೆಗಲು ಮುರಿಯುತ್ತದೆ. ನೀರಿನಲ್ಲಿ ಅಡ್ಡ ಮಲಗಿದ ಡೈವರ್ ಕೂಡ ಅಂಥದೇ ಒಂದು ಬಂಡಿ. ದಪ್ಪ ರಬ್ಬರಿನ ಫಿನ್ ನೀರಿನಲ್ಲಿ ಮುಳುಗುತ್ತದೆ. ಹಗುರ ಪ್ಲಾಸ್ಟಿಕ್ ಜಾತಿಯದು ತೇಲಿಯೂ ತೇಲದಂತೆ ಇರುತ್ತದೆ. ಒಂದೊಂದು ಕಾಲಿಗೆ 500 ಗ್ರಾಂ ಎಂದುಕೊಂಡರೆ ಎರಡಕ್ಕೂ ಸೇರಿ ಒಂದು ಕೆಜಿ. ಅದು ನಿಮ್ಮ ತೂಗುಬಿಂದುವಿನಿಂದ 60 ಸೆಂಟಿಮೀಟರ್ ಹಿಂದಿದ್ದರೆ, ಸರಿದೂಗಿಸಲು 30 ಸೆಂಟಿಮೀಟರ್ ಮುಂದೆ ಎರಡು ಕೆಜಿ ಬೇಕು. ಕಾಲು ಚಾಚಿದರೆ ಲೆಕ್ಕ ಇನ್ನೂ ಬಿಗಡಾಯಿಸುತ್ತದೆ.

ಅಂಗಡಿಯವರು ಹೇಳುವುದು ಒಣ ತೂಕ. ನಮಗೆ ಬೇಕಾದದ್ದು ನೀರೊಳಗಿನ ತೂಕ. ಅದನ್ನು ಮನೆಯಲ್ಲೇ ಅಳೆಯಬಹುದು. ಬಕೆಟ್ ಸಾಲದು, ಫಿನ್ ಪೂರ್ತಿ ಮುಳುಗಬೇಕು. 200 ಲೀಟರಿನ ಬ್ಯಾರಲ್ ಬೇಕು. ನಳದ ನೀರಿಗೆ ದಿನಗಟ್ಟಲೆ ಕಾಯುವ ನಮ್ಮ ಊರಿನಲ್ಲಿ ಬ್ಯಾರಲ್‌ಗೇನು ಬರ! ಲಗೇಜ್ ತೂಗುವ, ಕೊಕ್ಕೆಯಿರುವ ಡಿಜಿಟಲ್ ತಕ್ಕಡಿಗೆ ತೆಳು ದಾರ ಕಟ್ಟಿ, ಅದರಿಂದ ಫಿನ್ ಇಳಿಬಿಡ್ರಿ. ತಕ್ಕಡಿ ನೀರಿನ ಮೇಲೇ ಇರಲಿ. ಪಾದದ ಪಾಕೆಟ್ಟಿನಲ್ಲಿ ಗಾಳಿ ಸಿಕ್ಕಿಕೊಂಡರೆ ಅಂಕಿ ಸುಳ್ಳಾಗುತ್ತದೆ, ಆದ್ದರಿಂದ ಒಳಗೆ ಕೈಹಾಕಿ ಗುಳ್ಳೆ ಹೊರಡಿಸ್ರಿ. ಫಿನ್ ಬ್ಯಾರಲ್ಲಿನ ಗೋಡೆಗೆ, ತಳಕ್ಕೆ ತಾಗದಿರುವಾಗ ಅಂಕಿ ಓದ್ರಿ. ತೇಲುವ ಫಿನ್ ಆದರೆ ಸೀಸದ ಒಂದು ತೂಕವನ್ನು ಮೊದಲು ಒಂಟಿಯಾಗಿ ಮುಳುಗಿಸಿ ತೂಗಿ, ಆಮೇಲೆ ಫಿನ್‌ಗೆ ಕಟ್ಟಿ ಮತ್ತೆ ತೂಗಿ, ಕಳೆದರಾಯಿತು. ಸಮುದ್ರದ ನೀರು ಸುಮಾರು ಶೇ. 2.5 ಭಾರ, ಒಂದು ಲೀಟರ್ ಜಾಗ ಹಿಡಿಯುವ ಫಿನ್‌ಗೆ ವ್ಯತ್ಯಾಸ ಬರುವುದು 25 ಗ್ರಾಂ ಮಾತ್ರ, ಅದನ್ನು ಬಿಟ್ಟುಬಿಡಬಹುದು.

ಈ ಅಂಕಿ ಎಷ್ಟಿದ್ದರೆ ಸರಿ ಎಂಬುದು ನಿಮ್ಮ ಉಳಿದ ಸಾಮಾನಿನ ಮೇಲೆ. ನೀರು ಒಳಬಾರದ ಡ್ರೈಸೂಟಿನಲ್ಲಿ ಗಾಳಿ ಪಾದದ ಕಡೆ ಸರಿದು ಕಾಲು ಮೇಲೇಳುತ್ತದೆ. ತಣ್ಣೀರಿನ ದೇಶಗಳವರು ಭಾರದ ರಬ್ಬರ್ ಫಿನ್ ಹೊಗಳುವುದು ಅದಕ್ಕೇ. ಆ ಹೊಗಳಿಕೆ ಓದಿ, ನೇತ್ರಾಣಿಗೋ ಅಂಡಮಾನಿಗೋ 3 ಮಿಲಿಮೀಟರ್ ದಪ್ಪದ ವೆಟ್‌ಸೂಟ್ (ನೀರು ಒಳಬರುವ, ಮೈಗಂಟುವ ಉಡುಪು) ಹಾಕಿಕೊಂಡು ಹೋಗುವವರು ಅದನ್ನೇ ಕೊಂಡರೆ ಕಾಲು ಜೋತು ಬೀಳುತ್ತದೆ. ಬಿದ್ದ ಕಾಲನ್ನು ಎತ್ತಿ ಹಿಡಿಯಲು ಸುಮ್ಮಸುಮ್ಮನೆ ಒದೆಯುತ್ತಿರುತ್ತೀರಿ. ಉಸಿರಾಡುವ ಗ್ಯಾಸ್ ಹೆಚ್ಚು ಖರ್ಚು, ಕೆಳಗೆ ಕೆಸರು. ಉಕ್ಕಿನ ಟ್ವಿನ್‌ಸೆಟ್ (ಜೋಡಿ ಸಿಲಿಂಡರ್) ಇದ್ದರೆ ತೊಂದರೆ ಇನ್ನೂ ಹೆಚ್ಚಬಹುದು. ಅಲ್ಯುಮಿನಿಯಮ್ 80 ಎಂಬ ಅಳತೆಯ ಸಿಲಿಂಡರಿನ ಕತೆ ಬೇರೆ: ತುಂಬಿದಾಗ ಒಂದೊಂದರಲ್ಲಿ ಎರಡೂವರೆ ಕೆಜಿಗೂ ಮೇಲ್ಪಟ್ಟು ಗಾಳಿ ಇರುತ್ತದೆ, ಅದು ಮುಗಿಯುತ್ತ ಬಂದಂತೆ ಸಿಲಿಂಡರಿನ ಬುಡ ತೇಲತೊಡಗುತ್ತದೆ. ಅಂಥವರಿಗೆ ತುಸು ಭಾರದ ಫಿನ್ ಒಳ್ಳೆಯದೇ.

ಕೊಳ್ಳುವ ಮೊದಲು ಈಜುಕೊಳದಲ್ಲಿ ಬಾಡಿಗೆ ಫಿನ್ ಹಾಕಿಕೊಂಡೇ ಒಂದು ಪರೀಕ್ಷೆ ಮಾಡ್ರಿ. ಮೊಣಕಾಲು 90 ಡಿಗ್ರಿ ಮಡಿಚಿ, ಅಡ್ಡಕ್ಕೆ ಮಲಗಿ, ಒಂದು ನಿಮಿಷ ಏನೂ ಅಲ್ಲಾಡಿಸದೆ ಇರ್ರಿ. ಮೊದಲು ಇಳಿಯುವುದು ಕಾಲೋ ತಲೆಯೋ ನೋಡಲು ಇನ್ನೊಬ್ಬರು ಬೇಕು, ಇಲ್ಲವೇ ಮೊಬೈಲ್ ವಿಡಿಯೊ. ಸಿಲಿಂಡರನ್ನು ಬ್ಯಾಂಡಿನಲ್ಲಿ ಎರಡು ಮೂರು ಸೆಂಟಿಮೀಟರ್ ಮೇಲೆ ಕೆಳಗೆ ಸರಿಸಿದರೆ ಸಾಕಷ್ಟು ಸುಧಾರಿಸುತ್ತದೆ. ಅದು ದುಡ್ಡಿಲ್ಲದ ಮದ್ದು. ಅದನ್ನು ಮಾಡದೆ ಹೊಸ ಫಿನ್‌ಗೆ ಸುರಿಯುವುದು ಮೂರ್ಖತನ.

ಇನ್ನು ಅಳತೆ. ಚಪ್ಪಲಿ ನಂಬರ್ ಹೇಳಿ ಆನ್‌ಲೈನಿನಲ್ಲಿ ತರಿಸಿದರೆ ಕೈಸುಡುತ್ತದೆ. ನೀವು ಡೈವ್‌ಗೆ ಹಾಕುವ ಬೂಟಿಯನ್ನೇ (ಮೆತ್ತನೆಯ ಡೈವಿಂಗ್ ಬೂಟು) ಒದ್ದೆಮಾಡಿ ಹಾಕಿಕೊಂಡು ನೋಡಬೇಕು. ಬೆರಳು ಪಾಕೆಟ್ಟಿನ ಮುಂದಿನ ಕಿಂಡಿಯ ಹತ್ತಿರ ಬರಬೇಕು, ಮಡಚಿಕೊಳ್ಳಬಾರದು. ಹಿಮ್ಮಡಿ ಹೊರಗಿರಬೇಕು. ಕೈಯಲ್ಲಿ ಬ್ಲೇಡ್ ಹಿಡಿದು ಎಡಬಲಕ್ಕೆ ತಿರುವಿದಾಗ ಪಾದವೂ ಅದರ ಜೊತೆಗೇ ತಿರುಗಬೇಕು. ಫಿನ್ ಮಾತ್ರ ತಿರುಗಿದರೆ ಪಾಕೆಟ್ ಸಡಿಲ, ಬ್ಯಾಕ್ ಕಿಕ್ ಆಗುವುದಿಲ್ಲ. ಬಿಗಿಯಾದರೆ ಅಂಗಾಲಿನ ಕಮಾನಿನಲ್ಲಿ ಸೆಳೆತ ಬರುತ್ತದೆ, ಅದೂ ಡೆಕೊ ಹೊತ್ತಿನಲ್ಲೇ. ಡ್ರೈಸೂಟಿನ ಬೂಟು ದೊಡ್ಡದು, ಅದಕ್ಕೆ ಹೊಂದುವ ಫಿನ್ ವೆಟ್‌ಸೂಟಿನ ಜೊತೆ ಹಾಕುವ ಬೂಟಿಗೆ ಹೊಂದುವುದಿಲ್ಲ. ಮೊಣಕಾಲಿನ ನೋವಿದ್ದವರು ತೀರಾ ಬಿರುಸು ಬ್ಲೇಡ್ ತೊಗೊಳ್ಳಬ್ಯಾಡ್ರಿ, ಕಪ್ಪೆಯಂತೆ ಒದೆಯುವ ಫ್ರಾಗ್ ಕಿಕ್ ಮೊಣಕಾಲಿನ ಒಳಬದಿಯನ್ನು ತಿರುಚುತ್ತದೆ.

ಹಿಮ್ಮಡಿ ಹಿಡಿಯುವ ಸ್ಟ್ರ್ಯಾಪ್ ವಿಷಯದಲ್ಲಿ ಚರ್ಚೆಯೇ ಇಲ್ಲ: ಸ್ಟೇನ್‌ಲೆಸ್ ಸ್ಪ್ರಿಂಗ್. ರಬ್ಬರ್ ಪಟ್ಟಿ ಬಕಲ್ ಹತ್ತಿರ ಬಿರಿಯುತ್ತದೆ, ಅದರ ಜೋತಾಡುವ ಬಾಲಕ್ಕೆ ಗೈಡ್‌ಲೈನ್ (ದಾರಿ ತೋರುವ ಹಗ್ಗ) ಸಿಕ್ಕಿಕೊಳ್ಳುತ್ತದೆ. ಸ್ಪ್ರಿಂಗ್ ಕೊಳ್ಳುವಾಗ ತಂತಿಯ ತುದಿಗಳನ್ನು ಬೆರಳಿನಿಂದ ಸವರಿ ನೋಡ್ರಿ; ಚುಚ್ಚಿದರೆ ಬೇಡ, ಡ್ರೈಸೂಟ್ ಹರಿಯುತ್ತದೆ. ಬೂಟಿ ಹಾಕಿದಾಗ ತುಸು ಹಿಗ್ಗಿ ಕೂರಬೇಕು. ಹೊದಿಕೆಯಿರುವ ಸ್ಪ್ರಿಂಗ್‌ನೊಳಗೆ ಮರಳು, ಉಪ್ಪು ಕೂರುತ್ತದೆ, ಸಿಹಿನೀರಿನಲ್ಲಿ ನೆನೆಸಿ ಹಿಗ್ಗಿಸಿ ತೊಳೆಯಬೇಕು.

ಹುಬ್ಬಳ್ಳಿ ವಿಮಾನ ನಿಲ್ದಾಣದಿಂದ ಹೊರಡುವವರಿಗೆ 15 ಕೆಜಿಯ ಲಗೇಜ್ ಮಿತಿಯೂ ಒಂದು ಲೆಕ್ಕವೇ. ರಬ್ಬರ್ ಜೋಡಿ ಹತ್ತಿರ ಹತ್ತಿರ ಮೂರು ಕೆಜಿ ತಿನ್ನುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಕಾರಿನ ಡಿಕ್ಕಿಯಲ್ಲಿ ಬಿಟ್ಟರೆ, ಗೋಡೆಗೆ ಬ್ಲೇಡ್ ಊರಿ ನಿಲ್ಲಿಸಿದರೆ ಸೊಟ್ಟಗಾಗುತ್ತದೆ. ಹೊಸ ಫಿನ್‌ನ ಪಾಕೆಟ್ಟಿನೊಳಗೆ ಬರುವ ಪ್ಲಾಸ್ಟಿಕ್ ಅಚ್ಚನ್ನು ಬಿಸಾಡದೆ ಇಟ್ಟುಕೊಂಡು, ಒಣಗಿದ ಮೇಲೆ ಮತ್ತೆ ಒಳಗೆ ಸೇರಿಸಿ, ಫಿನ್ ಮಲಗಿಸಿ ಇಡ್ರಿ.