ಬೋರ್ಡ್ ಮೇಲಿನ ಮನೆ ಅಳಿಸಿದ ಮೇಲೆ

ಪ್ರಾಥಮಿಕ ಶಾಲೆಯಲ್ಲಿ ಚಿತ್ರಕಲೆ ಕಲಿಸಲು ಸೇರಿದ ಮೊದಲ ವರ್ಷ ನನ್ನ ಪಾಠ ಬೋರ್ಡ್ ಮೇಲೇ ಶುರುವಾಗುತ್ತಿತ್ತು. ಒಂದು ಚೌಕ, ಅದರ ಮೇಲೊಂದು ತ್ರಿಕೋನ, ಮನೆ ಆಯ್ತು. ಒಂದು ಉದ್ದ ಆಯತ, ಅದರ ತುದಿಗೊಂದು ವೃತ್ತ, ಮರ ಆಯ್ತು. ಮಕ್ಕಳು ನೋಡಿ ಬರೆದರು, ಬಣ್ಣ ತುಂಬಿದರು. ಸಂಜೆ ಹಾಳೆಗಳನ್ನು ಒಣಗಲು ನೆಲದ ಮೇಲೆ ಹರಡಿದೆ. ಮೂವತ್ತು ಹಾಳೆಗಳಲ್ಲೂ ಅದೇ ಮನೆ, ಅದೇ ಮರ. ಹಿಂದೆ ತಿರುಗಿಸಿ ಹೆಸರು ನೋಡದೆ ಯಾವುದು ಯಾರದ್ದು ಅಂತ ಹೇಳಲು ನನ್ನಿಂದ ಆಗಲಿಲ್ಲ.

ತರಗತಿಯ ಕಿಟಕಿಯಾಚೆ ನಿಜವಾದ ಮರ ಒಂದಿತ್ತು. ಅದರ ಕಾಂಡ ಮಧ್ಯದಲ್ಲೇ ಎರಡಾಗಿ ಕವಲೊಡೆದಿತ್ತು. ಒಬ್ಬರೂ ಅದರ ಕಡೆ ತಿರುಗಿರಲಿಲ್ಲ. ತಿರುಗುವ ಅಗತ್ಯವೇ ಇರಲಿಲ್ಲ, ಉತ್ತರವನ್ನು ನಾನೇ ಬೋರ್ಡ್ ಮೇಲೆ ಬರೆದುಕೊಟ್ಟಿದ್ದೆನಲ್ಲ. ಆಕಾರದ ಹೆಸರಿನಲ್ಲಿ ಅಚ್ಚು ಕೊಟ್ಟುಬಿಟ್ಟಿದ್ದೆ.

ಆಕಾರಗಳಿಂದ ಶುರುಮಾಡಬೇಕು ಅನ್ನುವುದಕ್ಕೆ ಆಗ ನನಗೊಂದು ಆಧಾರವೂ ಇತ್ತು. ಫ್ರೆಂಚ್ ಚಿತ್ರಕಾರ ಪಾಲ್ ಸೆಜಾನ್ 1904ರಲ್ಲಿ ಎಮಿಲ್ ಬರ್ನಾರ್ ಎಂಬ ಕಿರಿಯ ಚಿತ್ರಕಾರನಿಗೆ ಬರೆದ ಪತ್ರದಲ್ಲಿ, ಪ್ರಕೃತಿಯನ್ನು ಸಿಲಿಂಡರ್, ಗೋಳ, ಶಂಕುಗಳ ಮೂಲಕ ನೋಡು ಅಂತ ಹೇಳಿದ್ದರು. ನಾನು ಆ ಮಾತನ್ನು ತಲೆಕೆಳಗಾಗಿ ಹಿಡಿದಿದ್ದೆ. ಅದನ್ನು ಬರೆಯುವ ಹೊತ್ತಿಗೆ ಸೆಜಾನ್‌ಗೆ ಅರವತ್ತು ದಾಟಿತ್ತು. ಒಂದೇ ಬೆಟ್ಟವನ್ನು ವರ್ಷಗಟ್ಟಲೆ ನೋಡಿ, ಮತ್ತೆ ಮತ್ತೆ ಬರೆದಿದ್ದರು. ನೋಡಿ ನೋಡಿ ಅವರಿಗೆ ದಕ್ಕಿದ ಆಕಾರಗಳು ಅವು. ನಾನು ನೋಡುವುದನ್ನೇ ತಪ್ಪಿಸಿ, ಆಕಾರಗಳನ್ನು ಮಾತ್ರ ಮಕ್ಕಳ ಕೈಗೆ ಕೊಟ್ಟಿದ್ದೆ.

ಆಮೇಲೆ ಬೋರ್ಡ್ ಖಾಲಿ ಬಿಟ್ಟೆ. ಅಂಗೈ ಅಗಲದ ರಟ್ಟಿನ ತುಂಡುಗಳ ನಡುವೆ ಬೆಂಕಿಪೊಟ್ಟಣದಷ್ಟು ಕಿಂಡಿ ಕೊರೆದು ಒಬ್ಬೊಬ್ಬರಿಗೂ ಒಂದೊಂದು ಕೊಟ್ಟೆ. ಒಂದು ಕಣ್ಣು ಮುಚ್ಚಿ, ಕಿಂಡಿಯಿಂದ ತರಗತಿಯನ್ನು ನೋಡಬೇಕು. ಏನು ಕಾಣುತ್ತದೆ ಅಂತ ಹೇಳಬೇಕು. ಆದರೆ ವಸ್ತುವಿನ ಹೆಸರು ಹೇಳುವ ಹಾಗಿಲ್ಲ. ಕಿಟಕಿ, ಬೆಂಚು, ಬ್ಯಾಗು ಅನ್ನಬಾರದು. ಆಕಾರ ಮಾತ್ರ ಹೇಳಬೇಕು.

ಮೊದಲ ಎರಡು ನಿಮಿಷ ಎಲ್ಲರೂ ಚೌಕ, ಚೌಕ ಅಂದರು. ಆಮೇಲೆ ಮಾತು ಬದಲಾಯಿತು. 'ಒಂದು ಕಡೆ ಎಳೆದ ಚೌಕ' ಅಂದಳು ಒಬ್ಬಳು. ಅರ್ಧ ತೆರೆದ ಬಾಗಿಲನ್ನು ನೋಡುತ್ತಿದ್ದಳು. 'ಬಾಲ ಇರೋ ತ್ರಿಕೋನ' ಅಂದ ಇನ್ನೊಬ್ಬ. ಅದು ಮೊಳೆಗೆ ತೂಗುಹಾಕಿದ್ದ ಟವೆಲ್. 'ಕಚ್ಚಿದ ವೃತ್ತ' ಅಂದವನು ನೋಡುತ್ತಿದ್ದದ್ದು ಗಡಿಯಾರ. ಕಿಂಡಿಯ ಅಂಚು ಅದರ ಒಂದು ಪಕ್ಕವನ್ನು ಕತ್ತರಿಸಿತ್ತು. ಪುಸ್ತಕದ ವೃತ್ತ, ತ್ರಿಕೋನಗಳಲ್ಲಿ ಇವು ಯಾವುವೂ ಇಲ್ಲ. ಆದರೆ ಚಿತ್ರಕ್ಕೆ ಬೇಕಾದದ್ದು ಇಂಥವೇ. ಹೆಸರು ಹೇಳದೆ ನೋಡುವುದು, ಇಡೀ ಪಾಠದಲ್ಲಿ ಇದೊಂದನ್ನು ಮಾತ್ರ ನಾನು ಯಾವತ್ತೂ ಬಿಡುವುದಿಲ್ಲ.

ಯಾಕೆ ಅಂದರೆ, ಮಕ್ಕಳು ಕಂಡದ್ದಕ್ಕಿಂತ ಗೊತ್ತಿರುವುದನ್ನು ಬರೆಯುವುದೇ ಜಾಸ್ತಿ. ಫ್ರೀಮನ್ ಮತ್ತು ಜಾನಿಕೂನ್ ಎಂಬ ಸಂಶೋಧಕರು 1972ರಲ್ಲಿ ಇದರ ಬಗ್ಗೆ ಒಂದು ಸರಳ ಪ್ರಯೋಗದ ವರದಿ ಪ್ರಕಟಿಸಿದರು. 5ರಿಂದ 9 ವರ್ಷದ ಮಕ್ಕಳ ಮುಂದೆ ಒಂದು ಕಪ್ ಇಟ್ಟರು. ಹಿಡಿ ಹಿಂದಕ್ಕೆ ಮರೆಯಾಗಿತ್ತು, ಮುಂಭಾಗದಲ್ಲಿ ಒಂದು ಹೂವು ಕಾಣುತ್ತಿತ್ತು. ಚಿಕ್ಕ ಮಕ್ಕಳು ಕಾಣದ ಹಿಡಿಯನ್ನು ಬರೆದು, ಕಾಣುವ ಹೂವನ್ನು ಬಿಟ್ಟರು. ದೊಡ್ಡ ಮಕ್ಕಳು ಕಂಡದ್ದನ್ನು ಬರೆದರು. ಕಪ್ ಅಂದರೆ ಹಿಡಿ ಇರಲೇಬೇಕು ಅಲ್ವಾ, ಚಿಕ್ಕವರ ಲೆಕ್ಕ ಅದು. ಇದು ತಪ್ಪಲ್ಲ, ಆ ವಯಸ್ಸಿನ ಯೋಚನೆ. ಹಾಗಾಗಿ ಒಂದು, ಎರಡನೇ ತರಗತಿಯವರನ್ನು ನಾನು ಕಂಡ ಹಾಗೇ ಬರೆಯಿರಿ ಅಂತ ಒತ್ತಾಯಿಸುವುದಿಲ್ಲ. ಅವರಿಗೆ ಮುಚ್ಚಳ, ಎಲೆ, ಹಳೇ ಸ್ಪಂಜು ಕೊಡುತ್ತೇನೆ. ಬಣ್ಣದಲ್ಲಿ ಅದ್ದಿ ಒತ್ತುತ್ತಾರೆ. ಒರಟು ಗೋಡೆಯ ಮೇಲೆ ಹಾಳೆ ಇಟ್ಟು ಕ್ರೇಯಾನ್ ಉಜ್ಜುತ್ತಾರೆ. ಅಷ್ಟು ಸಾಕು.

ಮೂರನೇ ತರಗತಿ ದಾಟಿದವರ ಜೊತೆ ಮಾತ್ರ ಮುಂದಿನ ಹೆಜ್ಜೆ. ಒಂದು ದಿನ ಮೇಜಿನ ಮೇಲೆ ಬಕೆಟ್ ಇಟ್ಟಿದ್ದೆ. ಒಬ್ಬ ಹುಡುಗಿ ತುಂಬಾ ಹೊತ್ತು ಸುಮ್ನೆ ಕೂತಿದ್ದಳು. ಕೇಳಿದರೆ, 'ಟೀಚರ್, ಬಕೆಟ್ ಬಾಯಿ ಗುಂಡಗೆ ತಾನೇ? ಆದ್ರೆ ಇಲ್ಲಿಂದ ಚಪ್ಪಟೆ ಕಾಣ್ತಿದೆ. ಯಾವುದನ್ನ ಬರೀಲಿ?' ಅಂದಳು. ಬಕೆಟನ್ನು ನೆಲಕ್ಕಿಳಿಸಿ ಮೇಲಿನಿಂದ ನೋಡು ಅಂದೆ. ಪೂರ್ತಿ ವೃತ್ತ. ಸ್ಟೂಲ್ ಮೇಲಿಟ್ಟೆ. ಮೊಟ್ಟೆಯಾಕಾರ. ಅವಳ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದೆ. ಬಾಯಿಯ ಜಾಗದಲ್ಲಿ ಬರೀ ಗೆರೆ. ಅವಳು ಒಂದೇ ಹಾಳೆಯಲ್ಲಿ ಮೂರು ಬಕೆಟ್ ಬರೆದಳು. ಅವತ್ತಿನ ಪಾಠ ಅವಳ ಪ್ರಶ್ನೆಯಿಂದಲೇ ಆಯಿತು.

ಇನ್ನು ಬಣ್ಣದ ವಿಷಯ. ಪೆನ್ಸಿಲ್, ರಬ್ಬರ್, ಸ್ಕೇಲು ಮೂರನ್ನೂ ಚೀಲದಲ್ಲೇ ಇರಿಸುತ್ತೇನೆ. ಪೆನ್ಸಿಲ್ ಕೈಗೆ ಬಂದರೆ ಮಕ್ಕಳು ಮೊದಲು ಔಟ್‌ಲೈನ್ ಹಾಕುತ್ತಾರೆ, ಆಮೇಲೆ ಗೆರೆ ದಾಟಬಾರದು ಅನ್ನುವ ಭಯದಲ್ಲೇ ಅರ್ಧ ಗಂಟೆ ಕಳೆಯುತ್ತಾರೆ. ನೇರವಾಗಿ ಬ್ರಷ್‌ನಿಂದ, ಆಕಾರವನ್ನು ಒಳಗಿನಿಂದ ಹೊರಕ್ಕೆ ಬೆಳೆಸಬೇಕು. ನಡುವೆ ಒಂದು ಚುಕ್ಕೆ ಇಟ್ಟು, ಅದನ್ನು ಅಗಲ ಮಾಡುತ್ತಾ ಹೋಗಿ, ಸಾಕು ಅನ್ನಿಸಿದಲ್ಲಿ ನಿಲ್ಲಿಸುವುದು. ಇದಕ್ಕೆ ಅಗಲವಾದ ಚಪ್ಪಟೆ ಬ್ರಷ್ ಬೇಕು. ಸಣ್ಣ ಬ್ರಷ್ ಕೊಟ್ಟರೆ ಮತ್ತೆ ಗೆರೆಯೇ ಎಳೆಯುತ್ತಾರೆ. ಹಾಳೆ ದಪ್ಪ ಇರಲಿ, ತೆಳು ಹಾಳೆ ನೀರು ಕುಡಿದು ಸುಕ್ಕಾಗುತ್ತದೆ. ಒದ್ದೆ ಆಕಾರದ ಪಕ್ಕಕ್ಕೇ ಇನ್ನೊಂದು ಒದ್ದೆ ಆಕಾರ ಹಾಕಿದರೆ ಬಣ್ಣ ಒಂದರೊಳಗೊಂದು ಹರಿಯುತ್ತದೆ. ಅದಕ್ಕೇ ಒಂದನ್ನು ಹಾಕಿ, ಪಕ್ಕದ ಜಾಗ ಬಿಟ್ಟು, ದೂರದ ಇನ್ನೊಂದಕ್ಕೆ ಹೋಗಿ ಅನ್ನುತ್ತೇನೆ. ಮೊದಲನೆಯದು ಒಣಗುವಷ್ಟರಲ್ಲಿ ಅವರು ಹಾಳೆಯನ್ನೆಲ್ಲ ಒಂದು ಸುತ್ತು ಹಾಕಿರುತ್ತಾರೆ.

ಬ್ರಷ್ ಹಿಡಿಯಲು ಹೆದರುವ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ಅವರಿಗೆ ಮೊದಲು ಬಣ್ಣ ಬಳಿದ ಹಾಳೆ ಮತ್ತು ಕತ್ತರಿ. ಗುರುತು ಹಾಕದೆ ಆಕಾರವನ್ನು ನೇರವಾಗಿ ಕತ್ತರಿಸಬೇಕು. ಚಿತ್ರಕಾರ ಹೆನ್ರಿ ಮಾಟೀಸ್ ಕೊನೆಗಾಲದಲ್ಲಿ, ಕಾಯಿಲೆಯಿಂದ ನಿಂತು ಕೆಲಸ ಮಾಡಲು ಕಷ್ಟವಾದಾಗ, ಹೀಗೇ ಬಣ್ಣ ಬಳಿದ ಕಾಗದ ಕತ್ತರಿಸಿ ದೊಡ್ಡ ದೊಡ್ಡ ಚಿತ್ರಗಳನ್ನು ಮಾಡಿದರು. ಕತ್ತರಿಸಿದ ತುಂಡನ್ನು ಅಂಟಿಸುವ ಮೊದಲು ಅತ್ತಿತ್ತ ಸರಿಸಿ ನೋಡಬಹುದು. ಹೆದರುವ ಮಗುವಿಗೆ ಇದರಿಂದ ತುಂಬಾ ಧೈರ್ಯ ಬರುತ್ತದೆ.

ನಾಲ್ಕನೇ ತರಗತಿಯ ಒಬ್ಬ ಹುಡುಗ ಇದಕ್ಕೂ ಬಗ್ಗಲಿಲ್ಲ. ಕುರ್ಚಿ ಬರೆಯುವ ದಿನ ಕೈ ಕಟ್ಟಿ ಕೂತ. 'ನಂಗೆ ಕುರ್ಚಿ ಬರಲ್ಲ ಟೀಚರ್.' ಕುರ್ಚಿ ದೊಡ್ಡವರಿಗೂ ಕಷ್ಟವೇ. ಕಾಲುಗಳು ನಾಲ್ಕು ಅಂತ ಗೊತ್ತಿರುತ್ತದೆ, ಎಲ್ಲಿಂದ ನೋಡಿದರೂ ನಾಲ್ಕೂ ಒಂದೇ ಥರ ಕಾಣುವುದಿಲ್ಲ. ನಾನು ಅವನ ಪಕ್ಕ ಮಂಡಿಯೂರಿದೆ. 'ಕುರ್ಚಿ ಬೇಡ. ಕಾಲುಗಳ ನಡುವೆ ಗೋಡೆ ಕಾಣುತ್ತಲ್ಲ, ಆ ತುಂಡು ಗೋಡೆ ಯಾವ ಆಕಾರ?' ಅಂದೆ. ತುಂಬಾ ಹೊತ್ತು ನೋಡಿದ. 'ಮೇಲೆ ಅಗಲ, ಕೆಳಗೆ ಚೂಪು' ಅಂದ. ಅದನ್ನೇ ಹಾಕು ಅಂದೆ. ನೀಲಿ ತೆಗೆದುಕೊಂಡು ಹಾಕಿದ. ಬೆನ್ನಿನ ಪಟ್ಟಿಗಳ ನಡುವಿನ ಜಾಗ ಹಾಕಿದ. ಕುರ್ಚಿಯ ಸುತ್ತಲಿನ ಗೋಡೆ ಹಾಕಿದ. ಕುರ್ಚಿಗೆ ಬಣ್ಣವನ್ನೇ ಮುಟ್ಟಿಸಲಿಲ್ಲ. ಐದನೆಯದೋ ಆರನೆಯದೋ ತುಂಡು ಹಾಕುವಾಗ ಬ್ರಷ್ ಅರ್ಧಕ್ಕೆ ನಿಂತಿತು. ನೀಲಿಯ ನಡುವೆ ಬಿಳಿ ಕುರ್ಚಿ ನಿಂತಿತ್ತು. ಒಂದು ಕಾಲು ಸ್ವಲ್ಪ ಗಿಡ್ಡ, ಅಷ್ಟೇ. 'ನಾನು ಬರೆದೇ ಇಲ್ಲ, ತಾನಾಗೇ ಬಂತು' ಅಂದ, ಪಕ್ಕದವನ ತೋಳು ಜಗ್ಗುತ್ತಾ. ಆ ಗಿಡ್ಡ ಕಾಲನ್ನು ಸರಿ ಮಾಡಲು ನನ್ನ ಕೈ ಮುಂದಕ್ಕೆ ಹೋಗಿತ್ತು. ಹಿಂದಕ್ಕೆಳೆದುಕೊಂಡೆ. ಮಗುವಿನ ಹಾಳೆಯ ಮೇಲೆ ಟೀಚರ್ ಬ್ರಷ್ ಆಡಿಸಿದರೆ ಅದು ಮಗುವಿನ ಚಿತ್ರವಾಗಿ ಉಳಿಯುವುದಿಲ್ಲ.

ಮೊದಲೆಲ್ಲ ಹಾಳೆ ತೋರಿಸಲು ಬಂದವರಿಗೆ 'ಚೆನ್ನಾಗಿದೆ' ಅನ್ನುತ್ತಿದ್ದೆ. ಈಗ 'ಇದನ್ನ ಎಲ್ಲಿ ನೋಡಿದೆ?' ಅಂತ ಕೇಳುತ್ತೇನೆ. ಮೊನ್ನೆ ಒಬ್ಬಳು ಕಂದು ಬಣ್ಣದ ವಿಚಿತ್ರ ಆಕಾರ ಬರೆದು ತಂದಳು. ಎರಡು ಕೊಂಬು, ನಡುವೆ ಒಂದು ತೂತು. ಎಷ್ಟು ನೋಡಿದರೂ ಏನು ಅಂತ ನನಗೆ ಹೊಳೆಯಲಿಲ್ಲ. ಎಲ್ಲಿ ನೋಡಿದೆ ಅಂದೆ. ಕೈ ಹಿಡಿದು ಕರೆದುಕೊಂಡು ಹೋದಳು, ತನ್ನ ಡೆಸ್ಕಿನ ಹತ್ತಿರ ಬಗ್ಗಿಸಿದಳು. ಡೆಸ್ಕಿನ ಕೆಳಗೆ ಎರಡು ಕಡ್ಡಿಗಳು ಕೂಡುವ ಜಾಗದಲ್ಲಿ, ಮೊಳೆ ಕಿತ್ತುಹೋದ ತೂತಿನ ಸುತ್ತ, ಅದೇ ಆಕಾರ ಇತ್ತು.